ಗಿಳಿಮನೆಯ ಓಲೆಗಳು ಮತ್ತು ಮಡಿವಾಳ ಮಾಚ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯವರ ಗಿಳಿಮನೆಗೆ ಒಬ್ಬ ಅಧಿಕಾರಿ ಬೇಕು. ಮೂರು ಒಗಟು ಬಿಡಿಸಿದವರಿಗೆ ಆ ಪದವಿ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಮಣಿಗಿರಿಯ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ಗಿಳಿಮನೆ ಎಂದರೇನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಾಜಕುಮಾರಿ ದಿನಕ್ಕೊಂದು ಕತೆ ಕಟ್ಟಿ ಗಿಳಿಗಳಿಗೆ ಕಲಿಸುತ್ತಿದ್ದಳು. ಅವು ಮನೆಮನೆಗೆ ಹಾರಿ ಕತೆ ಹೇಳಿ ಬರುತ್ತಿದ್ದವು. ಬಂದ ಮೇಲೆ ಯಾರು ಕೇಳಿದರು, ಎಷ್ಟು ಹೊತ್ತು ಕೇಳಿದರು, ಎಲ್ಲಿ ನಕ್ಕರು, ಎಲ್ಲಿ ಅತ್ತರು ಎಂದು ಒಪ್ಪಿಸುತ್ತಿದ್ದವು. ಗಿಳಿಗಳಿಗೆ ಬರೆಯಲು ಬಾರದಷ್ಟೆ, ಕರಣಿಕರು ಬರೆದುಕೊಳ್ಳುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಓಲೆ. ಜನರಿಗೆ ಯಾವ ಕತೆ ಹಿಡಿಸುತ್ತದೆ ಎಂದು ತಿಳಿಯಲು ರಾಜಕುಮಾರಿ ಮಾಡಿದ ಏರ್ಪಾಡು ಇದು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೂ ಈಚೆಗೆ ಗಿಳಿ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಏಕೆಂದು ಅವಳಿಗೆ ಈಗೀಗ ಹೊಳೆಯತೊಡಗಿತ್ತು. ಸರಿಪಡಿಸುವುದು ಹೇಗೆಂದು ಮಾತ್ರ ತಿಳಿಯದು.

ಮೊದಲು ಸೇನಾಪತಿಯ ಮಗ ಬಂದ. ರಾಜಕುಮಾರಿ ಕೇಳಿದಳು: "ಒಬ್ಬ ಸುಮ್ಮನೆ ಕೂತು ಕೇಳುತ್ತಾನೆ. ಬಾಯಿ ತೆರೆಯುವುದಿಲ್ಲ. ಆದರೂ ತನ್ನ ಮನಸ್ಸನ್ನೆಲ್ಲ ಹೇಳಿಬಿಡುತ್ತಾನೆ. ಯಾರವನು?"

"ಮೂಗ!" ಎಂದ ಅವನು. ತಪ್ಪು. ಭಟರು ಸೆರೆಮನೆಗೆ ಒಯ್ದರು.

ಎರಡನೆಯವನು ತಾಯಿತ ಮಾರುವ ನಾಗೋಜಿ. "ಕತೆ ಕೇಳುವವನು" ಎಂದು ಥಟ್ಟನೆ ಹೇಳಿದ. ಸರಿಯಾಗಿತ್ತು. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಕದ್ದರೂ ಇದ್ದಲ್ಲೇ ಇರುತ್ತದೆ. ಅದಕ್ಕೇ ಕಳೆದುಕೊಂಡವನಿಗೆ ಕಳವಾದದ್ದು ತಿಳಿಯುವುದಿಲ್ಲ. ಏನದು?"

ನಾಗೋಜಿ ತೋಳಿನ ತಾಯಿತ ಮುಟ್ಟಿಕೊಂಡ. "ನೆ... ನೆರಳು?" ಎಂದ. ಅವನನ್ನೂ ಒಯ್ದರು.

ಆಗ ಮಡಿವಾಳರ ಮಾಚ ಮುಂದೆ ಬಂದ.

"ಏನೋ ಮಾಚ, ಗಿಳಿಗಳನ್ನೂ ಒಗೆದು ಹಿಂಡ್ತೀಯಾ?" ಎಂದ ಮಂತ್ರಿ. ಸಭೆ ನಕ್ಕಿತು.

"ನಿಮ್ಮ ಮುಂಡಾಸು ಒಗೆಯೋನು ನಾನೇ ಅಲ್ವಾ ಸ್ವಾಮಿ? ಅದರ ಮಡಿಕೆಯಲ್ಲಿ ಏನು ಸಿಕ್ತು ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ" ಎಂದ ಮಾಚ. ಮಂತ್ರಿಯ ಕೈ ತಾನಾಗಿ ಮುಂಡಾಸಿಗೆ ಹೋಯಿತು.

ಮಾಚನಿಗೆ ಪದವಿಯ ಆಸೆಯಿರಲಿಲ್ಲ. ಅವನ ಅಕ್ಕ ಸಂಕವ್ವ ಎಳೆಗೂಸನ್ನು ಕಳೆದುಕೊಂಡವಳು. ಕರು ಸತ್ತ ಹಸುವಿನ ಕತೆಯೊಂದನ್ನು ಗಿಳಿಯ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ಅಳುತ್ತಿದ್ದಳು. ಅದೂ ಓಲೆಗೆ ಏರಿತು, ಯಾರೋ ಕರಣಿಕ ಅದರ ನಕಲನ್ನು ಗುಟ್ಟಾಗಿ ಮಾರಿಕೊಂಡ. ವಾರ ಕಳೆಯುವುದರೊಳಗೆ ನಾಗೋಜಿ ಬಂದು ಬೀದಿಗೆಲ್ಲ ಕೇಳುವಂತೆ, "ಮಗು ಹೋದವರಿಗೆ ತಾಯಿತ, ಸಂಕವ್ವಾ!" ಎಂದು ಕೂಗಿದ. ಅಂದಿನಿಂದ ಅಕ್ಕ ಬಾಗಿಲು ತೆರೆದಿಲ್ಲ, ಸರಿಯಾಗಿ ಉಂಡೂ ಇಲ್ಲ. ಆ ಓಲೆ ಸುಡಿಸಲೇಬೇಕೆಂದು ಅವನು ತಲೆಯನ್ನೇ ಒಡ್ಡಿ ಬಂದಿದ್ದ.

ಮೊದಲ ಉತ್ತರ ಎಲ್ಲರೂ ಕೇಳಿದ್ದೇ ಆಗಿತ್ತು. ಅವನೂ ಅದನ್ನೇ ಹೇಳಿದ. ಎರಡನೆಯದಕ್ಕೆ, "ಮನೆಯ ಗುಟ್ಟು, ತಾಯಿ" ಎಂದ. "ನಮ್ಮಕ್ಕನ ದುಃಖಾನ ನಿಮ್ಮ ಗಿಳಿ ಎತ್ಕೊಂಡು ಬಂತು. ದುಃಖ ಅಕ್ಕನ ಹತ್ರಾನೇ ಉಳೀತು. ಕಳುವಾಗಿದೆ ಅಂತ ಗೊತ್ತಾದದ್ದು ತಾಯಿತದವನು ಬಂದಾಗಲೇ."

ರಾಜಕುಮಾರಿಯ ಮುಖ ಬಾಡಿತು. "ಆ ಓಲೆ ಬರೆಸಿದವಳು ನಾನು."

"ಗೊತ್ತು ತಾಯಿ. ಮಾರಿದೋರು ನೀವಲ್ಲ, ಅದೂ ಗೊತ್ತು."

ಅವಳು ಮೆಲ್ಲನೆ ಮೂರನೆಯದನ್ನು ಕೇಳಿದಳು: "ಕತೆಗಿಂತ ಮೊದಲು ಒಂದು ಮಾತಿದೆ. ಅದನ್ನು ಹೇಳಿದರೆ ಕತೆಗೆ ತಡವಾಗುತ್ತದೆ, ಹೇಳದಿದ್ದರೆ ಬಾಗಿಲೇ ಮುಚ್ಚುತ್ತದೆ. ಯಾವ ಮಾತದು?"

ಮಾಚ ತುಸು ಯೋಚಿಸಿದ. "ನಾವು ಬಟ್ಟೆ ಒಯ್ಯೋವಾಗ ಜಗಲಿ ಮೇಲೆ ಮನೆಯವರೆದುರಿಗೇ ಒಂದೊಂದಾಗಿ ಎಣಿಸ್ತೀವಿ. ಇಂಥದ್ದು ಒಯ್ತೀನಿ, ಇಂಥ ಕೆಲಸಕ್ಕೆ, ಇಂಥ ದಿನ ತರ್ತೀನಿ, ಬೇರೆಯವರ ಮೈಗೆ ಹಾಕೋಲ್ಲ ಅಂತ ಹೇಳ್ತೀವಿ. ಬೇಡ ಅಂದದ್ದನ್ನ ಅಲ್ಲೇ ಬಿಡ್ತೀವಿ. ನಿಮ್ಮ ಗಿಳೀನೂ ಹಾಗೇ ಹೇಳಲಿ: ಏನು ಬರ್ಕೋತೀವಿ, ಯಾಕೆ, ಯಾರಿಗೆ ತೋರಿಸ್ತೀವಿ, ಎಷ್ಟು ದಿನ ಇಟ್ಕೋತೀವಿ ಅಂತ. ಅಳಿಸಿ ಅಂದ್ರೆ ಅಳಿಸಬೇಕು. ಬರೀಬೇಡಿ ಅಂದೋರಿಗೂ ಕತೆ ಹೇಳಬೇಕು. ಆ ಮಾತೇ, ತಾಯಿ."

ರಾಜಕುಮಾರಿ ತಾನೇ ಎದ್ದು ಗಿಳಿಮನೆಯ ಬೀಗದ ಕೈ ಅವನ ಅಂಗೈಯಲ್ಲಿಟ್ಟಳು. "ಸೆರೆಯಲ್ಲಿರುವ ಇಬ್ಬರ ತಲೆ ಏನು ಮಾಡಲಿ?"

"ಇರಲಿ ಬಿಡಿ. ನಾಗೋಜಿ ಹತ್ರ ಇರೋ ನಕಲು ಓಲೆಗಳನ್ನ ತರಿಸಿ. ಕೊಟ್ಟ ಕರಣಿಕನನ್ನ ಹುಡುಕಿ."

ಸಂಕವ್ವನ ಓಲೆಯನ್ನೂ ಅದರ ನಕಲನ್ನೂ ಅಂದೇ ಸುಟ್ಟರು. ಮರುದಿನ ಅವಳ ಬಾಗಿಲಿಗೆ ಬಂದ ಗಿಳಿ ಮೊದಲು ಆ ಮಾತನ್ನೆಲ್ಲ ಹೇಳಿತು.

"ಬರ್ಕೋಬ್ಯಾಡ" ಎಂದಳು ಸಂಕವ್ವ ಒಳಗಿನಿಂದಲೇ.

"ಆಗಲಿ" ಎಂದಿತು ಗಿಳಿ.

ಅಗುಳಿ ಸರಿದ ಸದ್ದಾಯಿತು. ಅವಳು ಯಾವ ಕತೆ ಕೇಳಿದಳು, ಎಷ್ಟು ಹೊತ್ತು ಕೇಳಿದಳು, ಎಲ್ಲಿ ಅತ್ತಳು ಎಂಬುದು ಅರಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ನನಗೂ ಗೊತ್ತಿಲ್ಲ.