ಬೆಂಕಿ ತೋರಿಸದ ಹಲಗೆ

ಸಂಗಯ್ಯನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ಗಂಡನನ್ನು ಕಳೆದುಕೊಂಡ ನನ್ನ ಅಕ್ಕ ನಿನ್ನೆ ಅಳುತ್ತ ಮಠಕ್ಕೆ ಬಂದಿದ್ದಳು. ಸಾವಿನ ವಿಚಾರವಾಗಿ ನಿಮ್ಮಲ್ಲಿ ಕಲಿತದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದೆ. ಅವಳು ಅರ್ಧಕ್ಕೇ ಎದ್ದು ಹೋದಳು. ಹನ್ನೆರಡು ವರ್ಷ ಕಲಿತ ಮಾತು ಒಡಹುಟ್ಟಿದವಳಿಗೇ ಒದಗಲಿಲ್ಲವೇಕೆ?”

ಗುರುಗಳು ಹೇಳಿದರು: “ಹನ್ನೆರಡು ವರ್ಷವನ್ನೂ ಒಂದೇ ದಿನ ಅವಳ ತಲೆಯ ಮೇಲೆ ಸುರಿದೆಯಾ? ಪುಣ್ಯಾತ್ಗಿತ್ತಿ ಅರ್ಧದವರೆಗಾದರೂ ಕೂತಿದ್ದಳಲ್ಲ. ಇರಲಿ, ಒಂದು ಕತೆ ಕೇಳು.

“ಒಂದು ಹಿಮದ ನಾಡು. ವರ್ಷದಲ್ಲಿ ಆರು ತಿಂಗಳು ಅಲ್ಲಿನ ದಾರಿಗಳೆಲ್ಲ ಹಿಮದಡಿ ಹೂತುಹೋಗುತ್ತವೆ. ಜನ ಆಳುದ್ದದ ಎರಡು ಮರದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಹಿಮದ ಮೇಲೆ ಜಾರುತ್ತ ಊರಿಂದೂರಿಗೆ ಹೋಗುತ್ತಾರೆ. ಹಲಗೆಯ ಅಡಿಗೆ ವರ್ಷಕ್ಕೊಮ್ಮೆ ರಾಳದೆಣ್ಣೆ ಬಳಿಯಬೇಕು. ಬಳಿದರೆ ಸಾಲದು, ಕೆಂಡದ ಮೇಲೆ ಹಿಡಿದು ಕಾಯಿಸಬೇಕು. ಕಾದ ಮರ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಅದರೊಳಗೆ ನೀರು ಇಳಿಯುವುದಿಲ್ಲ.

“ಅಲ್ಲಿ ಒಬ್ಬ ವೈದ್ಯನಿದ್ದ. ಅವನ ಹಲಗೆಗಳು ಅಜ್ಜನ ಕಾಲದವು. ಅವುಗಳ ಮೇಲೆ ಅವನಿಗೆ ಬಲು ಪ್ರೀತಿ. ಎಣ್ಣೆ ಕಾಯಿಸುವ ಕೆಲಸ ಮೊದಲೆಲ್ಲ ತಂದೆಯದಾಗಿತ್ತು. ತಂದೆ ತೀರಿಕೊಂಡ ವರ್ಷ ತಾನೇ ಕೈ ಹಾಕಿದ. ಹಳೆಯ ಎಣ್ಣೆಯನ್ನು ಹೆರೆದು ತೆಗೆದ, ಹೊಸದನ್ನು ಮೂರು ಸಲ ಬಳಿದ. ಕೆಂಡದ ಹತ್ತಿರ ಮಾತ್ರ ಒಯ್ಯಲಿಲ್ಲ.

“ನೆರೆಮನೆಯ ಬಡಗಿ ನೋಡಿ, ‘ವೈದ್ಯರೇ, ಬೆಂಕಿ ತೋರಿಸಲೇ ಇಲ್ಲವಲ್ಲ?’ ಎಂದ.

“‘ಅಜ್ಜನ ಕಾಲದ ಮರ. ಸುಟ್ಟುಹೋದರೆ ಮತ್ತೆ ಎಲ್ಲಿಂದ ತರಲಿ? ಮೂರು ಸಲ ಬಳಿದಿದ್ದೇನೆ, ಸಾಕು.’

“‘ನೂರು ಸಲ ಬಳಿಯಿರಿ. ಅದು ಮೈಮೇಲಿನ ಮಸಿ, ಅಷ್ಟೆ’ ಎಂದು ಬಡಗಿ ಹೊರಟುಹೋದ.

“ಮೇಲುನೋಟಕ್ಕೆ ಹಲಗೆ ಮಿರಮಿರ ಮಿಂಚುತ್ತಿತ್ತು. ನನಗೆ ಕೊಟ್ಟಿದ್ದರೆ ನಾನೂ ನಂಬಿ ಕಟ್ಟಿಕೊಳ್ಳುತ್ತಿದ್ದೆ.

“ಒಂದು ಬೆಳಿಗ್ಗೆ ಗುಡ್ಡದಾಚೆಯಿಂದ ಕರೆ ಬಂತು. ಕುರಿಗಾಹಿಯೊಬ್ಬನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಡುವುದೇ ಕಷ್ಟವಾಗಿತ್ತು. ವೈದ್ಯ ತಕ್ಕ ಮದ್ದನ್ನೇ ಚೀಲಕ್ಕೆ ಹಾಕಿಕೊಂಡು ಹೊರಟ. ಸಂಜೆಯೊಳಗೆ ಮುಟ್ಟುವ ದಾರಿ. ಗುಡ್ಡ ಅರ್ಧ ಏರುವಷ್ಟರಲ್ಲಿ ಎಣ್ಣೆಯೆಲ್ಲ ಹಿಮಕ್ಕೆ ಉಜ್ಜಿಹೋಯಿತು. ಬರಿ ಮರ ನೀರು ಕುಡಿಯಿತು, ನೀರು ಹೆಪ್ಪುಗಟ್ಟಿತು, ಅದಕ್ಕೆ ಹಿಮ ಮುದ್ದೆಮುದ್ದೆಯಾಗಿ ಮೆತ್ತಿಕೊಂಡಿತು. ಹಲಗೆ ಜಾರುವುದನ್ನೇ ಬಿಟ್ಟಿತು. ಪಾಪ, ಅವನು ಅರ್ಧದಿಂದ ತಿರುಗಿ ಬರುವ ಮನುಷ್ಯನಲ್ಲ. ಹಲಗೆಗಳನ್ನು ಹೆಗಲಿಗೇರಿಸಿ, ಸೊಂಟದ ಮಟ್ಟದ ಹಿಮದಲ್ಲಿ ಕಾಲೆಳೆಯುತ್ತ ನಡೆದ. ಮುಟ್ಟುವಾಗ ಮರುದಿನ ಮಧ್ಯಾಹ್ನವಾಗಿತ್ತು.

“ಕುರಿಗಾಹಿಯ ಹೆಂಡತಿ ಬಾಗಿಲಲ್ಲಿ ಕೂತಿದ್ದಳು. ‘ಬೆಳಗಿನ ಜಾವದವರೆಗೂ ನಿಮ್ಮ ದಾರಿ ನೋಡಿದರು’ ಎಂದಳು. ಈ ಮಾತು ಬಂದಾಗ ನನಗೆ ಈಗಲೂ ಸಂಕಟವಾಗುತ್ತದೆ.

“ವೈದ್ಯ ಮನೆಗೆ ಬಂದವನೇ ಕೆಂಡ ಮಾಡಿದ. ಎಣ್ಣೆ ಗುಳ್ಳೆಯೆದ್ದು ಮರದೊಳಕ್ಕೆ ಇಳಿಯುವವರೆಗೆ ಹಲಗೆಯನ್ನು ಹಿಡಿದೇ ಇದ್ದ. ಒಂದು ಕಡೆ ಮರ ಕಂದಿತು, ಅವನ ಬೆರಳೂ ಸುಟ್ಟವು. ಆ ಚಳಿಗಾಲದಲ್ಲಿ ಅವನು ಎಷ್ಟೋ ಸಲ ಗುಡ್ಡ ದಾಟಿದ, ಹೊತ್ತಿಗೆ ಸರಿಯಾಗಿ ಮುಟ್ಟಿದ.”

ಸಂಗಯ್ಯ ಸ್ವಲ್ಪ ಯೋಚಿಸಿ, “ಆದರೆ ಗುರುಗಳೇ, ಮೊದಲ ಸಲವೂ ಮದ್ದು ಸರಿಯಾಗಿಯೇ ಇತ್ತಲ್ಲ?” ಎಂದ.

ಗುರುಗಳು ಕೇಳಿದರು: “ಮದ್ದು ಸರಿಯಿತ್ತು, ಹಲಗೆ ಬೆಂಕಿ ಕಂಡಿರಲಿಲ್ಲ. ಅಕ್ಕ ಅಳುವಾಗ ನಿನ್ನ ಕರುಳು ಚುರ್ ಎಂದಿತೇ, ಸಂಗಯ್ಯ?”