ಕಾಲು ಒದ್ದೆ ಮಾಡಿಕೊಂಡ ಅಂಬಿಗ

"ಗುರುಗಳೇ, ಕೊಸೈನಿನ ಅನುಕಲನ ಕೇಳಿದಿರಿ, ಸೈನ್ ಎಂದು ಬರೆದೆ. ಸೈನನ್ನು ಅವಕಲಿಸಿದರೆ ಕೊಸೈನೇ ಬರುತ್ತದೆ, ತಾಳೆ ನೋಡಿದ್ದೇನೆ. ಆದರೂ ಕೊನೆಯಲ್ಲಿ ಸ್ಥಿರಾಂಕ ಕೂಡಿಸಿಲ್ಲವೆಂದು ಅಡ್ಡಗೆರೆ ಎಳೆದಿರಿ. ಅವಕಲಿಸಿದೊಡನೆ ಸೊನ್ನೆಯಾಗಿ ಹೋಗುವ ಸಂಖ್ಯೆ ಅದು. ಇದ್ದರೇನು, ಬಿಟ್ಟರೇನು?" ಎಂದು ಶಿಷ್ಯ ಧರಣೇಂದ್ರ ಕೇಳಿದ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಗುರುಗಳು ಪಾಟಿಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಹೊಳೆ ಕಡಲು ಸೇರುವ ಒಂದು ಊರಿಗೆ ಮನೆಯಳಿಯನಾಗಿ ಬಂದ. ಕಡಲು ಉಬ್ಬುವ ಬಗೆ ಅವನಿಗೆ ಬಾಯಿಪಾಠ. ಉಬ್ಬರ ಅರ್ಧಕ್ಕೆ ಬಂದಾಗ ನೀರು ಓಡೋಡಿ ಏರುತ್ತದೆ. ಆಮೇಲೆ ನಿಧಾನವಾಗುತ್ತ, ಮೂರು ಗಂಟೆ ಕಳೆಯುವಷ್ಟರಲ್ಲಿ ನಿಂತೇಬಿಡುತ್ತದೆ. ಆ ವೇಗವನ್ನು ಕೂಡಿಸುತ್ತ ಹೋಗಿ, ಅರ್ಧ ಉಬ್ಬರದಿಂದ ಒಂದು ಗಂಟೆಯಲ್ಲಿ ಒಂದು ಮೊಳ, ಮೂರು ಗಂಟೆಯಲ್ಲಿ ಒಟ್ಟು ಎರಡು ಮೊಳ ಏರುತ್ತದೆ ಎಂದು ಕೂತಲ್ಲೇ ಹೇಳುತ್ತಿದ್ದ. ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಒಬ್ಬ ವ್ಯಾಪಾರಿ ಅವನಿಗೆ ಬೆಲ್ಲದ ದೋಣಿ ಒಪ್ಪಿಸಿದ. ಅದು ತೇಲಲು ಎರಡು ಮೊಳ ನೀರು ಬೇಕು. ಅಂಬಿಗನ ಹುಟ್ಟೂರಿನ ಮರಳುದಿಬ್ಬದ ಮೇಲೆ ಅರ್ಧ ಉಬ್ಬರಕ್ಕೇ ಒಂದು ಮೊಳ ನೀರಿರುತ್ತಿತ್ತು. ಈ ಊರಿನ ಹೊಳೆಬಾಯಿಯ ದಿಬ್ಬದ ಮೇಲೂ ಹಾಗೇ ಎಂದುಕೊಂಡು, ಅರ್ಧ ಉಬ್ಬರವಾದ ಮೇಲೆ ಒಂದು ಗಂಟೆ ಕಾದು ಹೊರಟ. ದೋಣಿ ದಿಬ್ಬಕ್ಕೆ ಬಡಿದು ವಾಲಿತು. ಬೆಲ್ಲವೆಲ್ಲ ಕಡಲಪಾಲು. ಅಂದು ಮೀನುಗಳಿಗೆ ಪಾನಕವೋ ಪಾನಕ!

"ನಾಳೆ ಇನ್ನೊಂದು ದೋಣಿ ಇದೆ. ಅದೂ ತಳ ಬಡಿದರೆ ನೀನು ಈ ಹೊಳೆಯಲ್ಲಿ ಹುಟ್ಟು ಮುಟ್ಟಕೂಡದು" ಎಂದ ವ್ಯಾಪಾರಿ.

ಅಳಿಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲೆಕ್ಕವನ್ನು ಮತ್ತೆ ಮತ್ತೆ ತಿರುವಿ ಹಾಕಿದ. ಏರಿದ್ದು ಒಂದು ಮೊಳವೇ, ಅನುಮಾನವಿಲ್ಲ. ಆದರೆ ಏರುವ ಮೊದಲು ಎಷ್ಟಿತ್ತು? ಅದನ್ನು ನೀರಿನ ವೇಗ ಹೇಳುವುದಿಲ್ಲವಲ್ಲ!

ಆ ಊರಿನಲ್ಲಿ ಅಂಬಿಗ ದಡದಲ್ಲಿ ನಿಂತೇ ನೀರಿನ ಆಳ ಹೇಳಬೇಕು. ಇಳಿದು ಅಳೆದರೆ ಮಾನ ಹೋದಂತೆ. ಮರುದಿನ ಅರ್ಧ ಉಬ್ಬರದ ಹೊತ್ತಿಗೆ ಅಳಿಯ ಪಂಚೆ ಎತ್ತಿಕಟ್ಟಿ ದಿಬ್ಬದವರೆಗೆ ನಡೆದೇ ಹೋದ.

"ಅಳಿಯಂದಿರು ಚಿಪ್ಪು ಆರಿಸಲು ಹೊರಟರು ನೋಡ್ರೋ!" ಎಂದು ದಡದವರು ಬಿದ್ದು ಬಿದ್ದು ನಕ್ಕರು. ಅವನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಆದರೂ ಗಳ ಊರಿ ನೋಡಿದ. ಒಂದೇ ಗೇಣು ನೀರು, ಅಂದರೆ ಅರ್ಧ ಮೊಳ.

ಒಂದು ಗಂಟೆಯಾಯಿತು, ಹೊರಡಲಿಲ್ಲ. ಎರಡಾಯಿತು, ಕದಲಲಿಲ್ಲ. ವ್ಯಾಪಾರಿ ಹಲ್ಲು ಕಡಿದ. ಮೂರನೆಯ ಗಂಟೆಗೆ ನೀರು ನಿಂತಿತು. ಇದ್ದದ್ದು ಅರ್ಧ, ಏರಿದ್ದು ಎರಡು, ಒಟ್ಟು ಎರಡೂವರೆ ಮೊಳ. ಅಳಿಯ ಎದೆಯುಬ್ಬಿಸಿ ಹುಟ್ಟು ಹಾಕಿದ. ಬೆಣ್ಣೆಯಿಂದ ಕೂದಲು ತೆಗೆದಂತೆ ದೋಣಿ ದಿಬ್ಬ ದಾಟಿತು. ನಕ್ಕಿದ್ದವರೇ ಹೆಗಲ ಮೇಲಿನ ವಲ್ಲಿ ಬೀಸಿ "ಭಲೇ ಅಳಿಯಾ, ಭಲೇ!" ಎಂದು ಕೂಗಿದರು. ಅವನು ನಗುತ್ತಲೇ ಅತ್ತುಬಿಟ್ಟ. ಅಂದಿನಿಂದ ಆ ಊರಿನಲ್ಲಿ ಕಾಲು ಒದ್ದೆ ಮಾಡಿಕೊಳ್ಳದ ಅಂಬಿಗನಿಗೆ ಯಾರೂ ದೋಣಿ ಕೊಡಲಿಲ್ಲ.

ಗುರುಗಳು ಪಾಟಿಯನ್ನು ಶಿಷ್ಯನ ಕೈಗೆ ಕೊಟ್ಟರು.

"ಧರಣೇಂದ್ರ, ನಿನ್ನ ಪಾಟಿಯ ಮೇಲೆ ಬೆಲ್ಲವಿರಲಿಲ್ಲ, ಇದ್ದಿದ್ದರೆ ತಳ ಬಡಿದದ್ದು ನಿನಗೂ ಕೇಳಿಸುತ್ತಿತ್ತು."

ಧರಣೇಂದ್ರ ಬಳಪ ತೆಗೆದುಕೊಂಡು ಸೈನಿನ ಮುಂದೆ ಸ್ಥಿರಾಂಕ ಕೂಡಿಸಿ ಬರೆದ.