ಶಂಭುರಾಯನ ಮೂಗು

ಬಾಡಿಗೆ ಮನೆಯ ಒಲೆಯ ಮೇಲೆ ಗಿರಿಜಿಯ ಸಿಗಡಿ ಸಾರು ಕೊತಕೊತ ಕುದಿಯುತ್ತಿತ್ತು. ಮನೆಯ ಮಾಲೀಕ ಶಂಭುರಾಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಅಬ್ಬರಿಸಿದ: "ಏ ಗಿರಿಜಿ! ನಮ್ಮ ವಂಶದಲ್ಲೇ ಯಾರೂ ಮೀನು ಮುಟ್ಟಿದವರಲ್ಲ. ಈ ನಾತ ನಿಲ್ಲಿಸು, ಇಲ್ಲ ಇವತ್ತೇ ಮನೆ ಬಿಡು!"

ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಗಿರಿಜಿಗೆ ಮೈ ಉರಿಯಿತು. ಆದರೂ ಸೌಟು ತಿರುವುತ್ತ ಮೆಲ್ಲಗೆ ಅಂದಳು: "ತಪ್ಪಾಯ್ತು ಒಡೆಯಾ. ಬಂಗಡೆ ಸಾರಿಗೆ ವಾಸನೆ ಸ್ವಲ್ಪ ಜಾಸ್ತಿ."

"ಬಂಗಡೆಯಂತೆ, ಬಂಗಡೆ! ಮಸಾಲೆಗೆ ತಿರಫಲ ಹಾಕದೆ ಯಾರಾದರೂ ಬಂಗಡೆ ಸಾರು ಮಾಡ್ತಾರೇನೇ? ಇದು ಸಿಗಡಿ! ಅದೂ ನುಗ್ಗೆಕಾಯಿ ಹಾಕಿದ್ದು..."

ಬೀದಿ ಗೊಳ್ಳೆಂದಿತು. ಗಿರಿಜಿ ಒಂದು ಬಟ್ಟಲು ಸಾರು ತಂದು ರಾಯನ ಕೈಗಿತ್ತಳು.

"ಉಪ್ಪು ಸರಿಯಿದೆಯಾ ನೋಡಿ, ಒಡೆಯಾ."

ಮರುದಿನ ಬಟ್ಟಲು ತೊಳೆದು ವಾಪಸ್ ಬಂತು. ಮನೆ ಬಿಡುವ ಮಾತು ಮತ್ತೆ ಬರಲಿಲ್ಲ.